ಹಬಕ್ಕೂಕನ ಮಾತಿಗೆ ಗಾದ್ರಪ್ಪ ಇಟ್ಟ ಲೆಕ್ಕ

ಸೀರೆಯ ಎಳೆ ಎಣಿಸುವುದರಲ್ಲಿ ಗಾದ್ರಪ್ಪನನ್ನು ಮೀರಿಸುವ ನೇಕಾರ ಮೊಳಕಾಲ್ಮೂರಿನಲ್ಲಿ ಇರಲಿಲ್ಲ. ಆ ಹೆಮ್ಮೆಯೇ ಅವನನ್ನು ಕೆಡಿಸಿತು. ಕ್ರಿಸ್ತನನ್ನು ನಂಬಿದ ಹದಿನೈದು ಮನೆಗಳ ಪ್ರಾರ್ಥನಾ ಕೂಟಕ್ಕೆ ಅವನೇ ಹಿರಿಯ. ಹಬಕ್ಕೂಕ ಮೊದಲಾದ ಬೈಬಲ್ ಪ್ರವಾದಿಗಳು ಹೇಳಿದ ದಿನಗಳನ್ನೂ ಎಳೆಯಂತೆ ಎಣಿಸಿ, 1999 ಮುಗಿಯುವುದರೊಳಗೆ ಪ್ರಭು ಬಂದೇ ಬರುತ್ತಾನೆಂದು ಸಾರಿಬಿಟ್ಟ. ಕೂಟ ಆಮೆನ್ ಅಂದಿತು.

ಎಲ್ಲರಿಗಿಂತ ಗಟ್ಟಿಯಾಗಿ ಅಂದವಳು ಅವನ ಹೆಂಡತಿ ಪಾಪಕ್ಕ. ಆ ವರ್ಷದ ಆಗಸ್ಟಿನಲ್ಲಿ ಅವಳ ಎದೆಯಲ್ಲಿ ಗಡ್ಡೆ ಕಂಡಿತು. ದಾವಣಗೆರೆಯ ಡಾಕ್ಟರು, ತಡ ಮಾಡದೆ ಆಪರೇಷನ್ ಆಗಬೇಕೆಂದರು.

"ನಾಕು ತಿಂಗ್ಳಿಗೆ ಯಾಕ್ರಿ ಕೊಯ್ಸಿಕೊಳ್ಳಾದು? ಬರಾ ದೇವ್ರೇ ವಾಸಿ ಮಾಡ್ತಾನೆ. ನೀವೇ ಲೆಕ್ಕ ಹಾಕೀರಲ್ಲ," ಅಂದಳು.

ಗಾದ್ರಪ್ಪ ತೋಡಿದ ಹಳ್ಳಕ್ಕೆ ಅವಳು ಬೀಳುತ್ತಿದ್ದಳು. ಲೆಕ್ಕ ಸರಿಯೋ ಎಂದು ನೋಡಲು, ಪಾದ್ರಿಯೊಬ್ಬರು ಹಿಂದೆಂದೋ ಕೊಟ್ಟಿದ್ದ ಬೈಬಲ್ ಚರಿತ್ರೆಯ ಪುಸ್ತಕ ತೆರೆದ. ಅದರಲ್ಲಿ ಹೀಗಿತ್ತು: ಹಬಕ್ಕೂಕ ಪ್ರವಾದಿ 'ತಡವಾದರೂ ಕಾದಿರು, ಬಂದೇ ಬರುವುದು' ಎಂದದ್ದು ತನ್ನ ಕಾಲದ ಬಾಬೆಲಿನ ದಂಡಿನ ಸಂಗತಿಯಲ್ಲಿ. ಐನೂರು ವರ್ಷಗಳ ಮೇಲೆ, ಮೃತಸಮುದ್ರದ ದಡದಲ್ಲಿದ್ದ ಯೆಹೂದ್ಯ ಪಂಗಡದವರು ಅದು ತಮ್ಮ ಕಾಲದ ರೋಮಿನ ದಂಡೇ ಎಂದು ಓದಿಕೊಂಡು ಕಡೆಗಾಲಕ್ಕೆ ಕಾದರು. ಬರಲಿಲ್ಲ. ಇನ್ನೂ ತಡವಾಗುತ್ತದೆಂದು ಬರೆದಿಟ್ಟು ಮತ್ತೆ ಕಾದರು. ಮೊದಲ ಕ್ರೈಸ್ತರು ಅದೇ ಮಾತನ್ನು ಯೇಸುವಿಗೆ ಹೊಂದಿಸಿ, ಇಂದೋ ನಾಳೆಯೋ ಬಂದಾನೆಂದು ಕಾದರು.

ಮಗ್ಗದ ಹಾಸು ಮುಗಿದಾಗ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಕೆಚ್ಚುವುದು ನೇಕಾರರ ಪದ್ಧತಿ. ಆ ಜನ ಮಾಡಿದ್ದೂ ಅದನ್ನೇ: ಹಳೆಯ ಮಾತಿಗೆ ತಮ್ಮ ಬಾಳನ್ನು ಕೆಚ್ಚಿ ನೇಯುತ್ತ ಹೋದರು. ಗಾದ್ರಪ್ಪನೋ, ಸೀರೆ ಮುಗಿಯಿತೆಂದು ಕತ್ತರಿ ಹಿಡಿದು ನಿಂತಿದ್ದ.

ಭಾನುವಾರ ಕೂಟದ ನಡುವೆ ಎದ್ದುನಿಂತ.

"ನನ್ ಲೆಕ್ಕ ಸುಳ್ಳು. ಆ ದಿನ ಯಾವಾಗಂತ ನಂಗೊತ್ತಿಲ್ಲ. ತಪ್ಪಾಯ್ತು."

"ಹೆಂಡ್ತಿಗೋಸ್ಕರ ದೇವ್ರ ಮಾತ್ನೇ ತಿರುಗಿಸ್ತೀಯಾ?" ಎಂದಳು ಮುದುಕಿ ಸಿದ್ದಕ್ಕ.

"ದೇವ್ರ ಮಾತಲ್ಲವ್ವಾ, ನಂದು."

ನಾಲ್ಕು ಮನೆಯವರು ಎದ್ದು ಹೋದರು. ಮನೆ ಸೇರಿದವಳೇ ಪಾಪಕ್ಕ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು.

"ಬರ್ತಾನೆ ಅಂತ ಧೈರ್ಯವಾಗಿದ್ದೆ. ಈಗ ಹೆದ್ರಿಕೆ ಆಗ್ತೈತೆ ಕಣ್ರಿ."

"ನಂಗೂ," ಎಂದು ಗಾದ್ರಪ್ಪ ಪಕ್ಕದಲ್ಲೇ ಕೂತ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ದಾವಣಗೆರೆ ಬಸ್ಸು ಎಷ್ಟೊತ್ತಿಗೈತೆ? ಇದನ್ನಾದ್ರೂ ಸರಿಯಾಗಿ ಹೇಳ್ರಿ."