ಹಾಸಿಗೆಯಡಿಯ ಡ್ರಮ್ಮುಗಳು

"ತಟ್ಟೆ ಬಡೀತಿದ್ದದ್ದು ನಾನೇ ಕಣಮ್ಮಾ," ಎಂದು ದರ್ಜಿಯಮ್ಮ ಹೆಣದ ಕಾಲ ಬಳಿ ಕೂತು ಬಾಯಿ ಬಿಟ್ಟೇಬಿಟ್ಟಳು. ಬಂದವರಿಗೆ ಕುರ್ಚಿ ಹಾಕುತ್ತಿದ್ದ ಸತ್ತವನ ಮಗಳ ಕೈ ಅಲ್ಲೇ ನಿಂತಿತು.

"ಯಾವ ತಟ್ಟೆ?"

"ನಿಮ್ಮಪ್ಪ ನೀರು ನೋಡೋಕೆ ಬೀದಿ ತಿರುವಿಗೆ ಬಂದ್ರೆ ಬಡೀತಿದ್ದೆ. ಸದ್ದು ಕೇಳಿದ್ದೇ ತಡ, ಎಲ್ರ ಮನೇಲೂ ಬಕೆಟ್ಟು ಮಂಚದ ಕೆಳಗೆ. ಡ್ರಮ್ಮಿನ ಮೇಲೆ ಹಲಗೆ, ಹಲಗೆ ಮೇಲೆ ಹಾಸಿಗೆ. ಪಾಪ, ಹಾಸಿಗೆ ಎತ್ತಿ ನೋಡೋವಷ್ಟು ಮರ್ಯಾದೆ ಬಿಟ್ಟೋನಲ್ಲ ಆತ."

ಅಷ್ಟು ಹೊತ್ತೂ ಅಳುತ್ತಿದ್ದ ಅತ್ತೆಗೆ ನಗು ಉಕ್ಕಿತು. ತಮ್ಮನ ಹೆಣದ ಮುಂದೆ ನಗುವುದೇ? ಬಾಯಿಗೆ ಕೈ ಅಡ್ಡ ಹಿಡಿದಳು.

ಮಗಳು ನಗಲಿಲ್ಲ. ನಗರದ ಆರೋಗ್ಯ ಕಚೇರಿಯಲ್ಲಿ, ನಿಂತ ನೀರಲ್ಲಿ ಸೊಳ್ಳೆ ಹುಳ ಹುಡುಕುವುದೇ ಅಪ್ಪನ ಕೆಲಸ. ಅವನ ಪುಸ್ತಕದಲ್ಲಿ ಈ ಬೀದಿಯ ಎದುರು ವಾರವಾರವೂ ಒಂದೇ ಮಾತು: ನಿಂತ ನೀರಿಲ್ಲ. ಆದರೆ ಊರಲ್ಲೆಲ್ಲ ಹೆಚ್ಚು ಡೆಂಗಿ ಜ್ವರ ಇಲ್ಲೇ. ಚರಂಡಿ, ಹಳೇ ಟೈರು, ತಾರಸಿ ಎಲ್ಲ ಜಾಲಾಡಿ ಸೋತು, ನಿನ್ನೆ ಬೆಳಿಗ್ಗೆ ಆ ಪುಸ್ತಕದ ಮುಂದೆಯೇ ಅವನ ಎದೆಬಡಿತ ನಿಂತಿತ್ತು. ದರ್ಜಿಯಮ್ಮನ ಮೊಮ್ಮಗಳು ಐದು ದಿನದಿಂದ ಆಸ್ಪತ್ರೆಯಲ್ಲಿದ್ದಳು. ಅದೇ ಜ್ವರ.

* * *

ವರ್ಷಗಳ ಹಿಂದಿನ ಮಾತು, ಮಗಳಿಗೆ ಆಗ ಹತ್ತು ವರ್ಷ. ಅಪ್ಪನ ಹಿಂದೆ ಹೋಗಿದ್ದಳು. ಅಪ್ಪ ದರ್ಜಿಯಮ್ಮನ ಡ್ರಮ್ಮಿನೊಳಗೆ ಇಣುಕಿದವನೇ ಅನಾಮತ್ತಾಗಿ ಉರುಳಿಸಿಬಿಟ್ಟ.

"ಅಯ್ಯೋ, ನಾಲ್ಕು ದಿನದ ನೀರಣ್ಣಾ! ಮತ್ತೆ ನಲ್ಲಿ ಬರೋವರ್ಗೂ ಏನ್ಮಾಡ್ಲಿ?"

"ಹುಳ ಇದೆ," ಎಂದಷ್ಟೇ ಹೇಳಿ ಅಪ್ಪ ಮುಂದಿನ ಮನೆಗೆ ನಡೆದ. ಅವತ್ತೇ ಬೀದಿ ಅವನಿಗೆ ಚೆಲ್ಲಪ್ಪ ಎಂದು ಹೆಸರಿಟ್ಟಿತು.

"ಅವ್ರು ಈಗ ಏನು ಕುಡೀತಾರೆ ಅಪ್ಪಾ?" ಎಂದು ದಾರಿಯಲ್ಲಿ ಕೇಳಿದ್ದಳು. ಅಪ್ಪ ಪುಸ್ತಕದಲ್ಲಿ ಮನೆ ನಂಬರು ಬರೆದುಕೊಳ್ಳುತ್ತ ನಡೆದಿದ್ದ.

* * *

"ಮಂಚದ ಕೆಳಗಿನ ಆ ನೀರು ಈಗ್ಲೂ ಇದ್ಯಾ?" ಮಗಳು ದರ್ಜಿಯಮ್ಮನನ್ನು ಕೇಳಿದಳು.

"ಎಲ್ರ ಮನೇಲೂ ಇದೆ."

ಮಗಳು ಅಪ್ಪನ ಟಾರ್ಚು ಎತ್ತಿಕೊಂಡು ಓಡಿದಳು. ದರ್ಜಿಯಮ್ಮನ ಮನೆಯ ಹಾಸಿಗೆ ಎಳೆದು ಬಿಸಾಡಿ, ಹಲಗೆ ಸರಿಸಿ ಬೆಳಕು ಬಿಟ್ಟಳು. ನೀರಿನ ತುಂಬ ಹುಳ ಕೊಂಕುತ್ತ ಕುಣಿಯುತ್ತಿತ್ತು.

"ಸಿಕ್ತು! ಸಿಕ್ತು!" ಸಾವಿನ ಮನೆ ಪಕ್ಕದಲ್ಲೇ ಇದೆ ಎಂಬುದನ್ನೂ ಮರೆತು ಕೂಗಿದಳು. ಎಲ್ಲರೂ ಎದ್ದುಬಿದ್ದು ಬಂದರು.

ದರ್ಜಿಯಮ್ಮನ ಮುಖ ಕಪ್ಪಿಟ್ಟಿತು. "ಹಾಗಾದ್ರೆ ನನ್ನ ಮಗೂಗೆ ನಾನೇ..."

"ಅಳೋಕೆ ಆಮೇಲೆ ಟೈಮಿದೆ ಅಮ್ಮಾ. ಇನ್ನೊಂದು ಮಗು ಮಲಗೋದು ಬೇಡ. ನೀರು ಚೆಲ್ಬೇಡಿ, ಬಟ್ಟೇಲಿ ಸೋಸಿಟ್ಕೊಳ್ಳಿ. ಡ್ರಮ್ಮಿನ ಒಳಗೆಲ್ಲ ಗಸಗಸ ಉಜ್ಜಿ, ಮೊಟ್ಟೆ ಅಲ್ಲೇ ಅಂಟಿರತ್ತೆ. ಆಮೇಲೆ ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿ."

ಅಳಲು ಬಂದವರು ಅಂಗಿಯ ತೋಳು ಮೇಲೇರಿಸಿ ಕೆಲಸಕ್ಕಿಳಿದರು. ಬಾಗಿಲು ಬಾಗಿಲಿನಿಂದ ಡ್ರಮ್ಮುಗಳು ಹೊರಬಂದವು. ಇಷ್ಟೊಂದಿದ್ದವೇ ಎಂದು ಬೀದಿಗೇ ಬೆರಗು. ಯಾರೋ ಹಾಸಿಗೆಯ ಹೊದಿಕೆ ಹರಿದರು, ಯಾರೋ ಹೊಸ ಅಂಗಿಯನ್ನೇ. ಮಗಳಿಗೆ ಅಳುವೂ ಕುಣಿಯುವಷ್ಟು ಸಂತೋಷವೂ ಒಟ್ಟಿಗೇ ಬರುತ್ತಿತ್ತು.

ಶವದ ಗಾಡಿ ತಿರುವಿನಲ್ಲೇ ಸಿಕ್ಕಿಕೊಂಡಿತು. "ದಾರಿ ಬಿಡ್ರೀ!" ಡ್ರೈವರು ಹಾರನ್ ಬಾರಿಸಿದ.

"ಸ್ವಲ್ಪ ತಡ್ಕೊಳಪ್ಪಾ," ಎಂದಳು ಅತ್ತೆ, ಕೈಯಲ್ಲಿ ಬ್ರಷ್ಷು ಹಿಡಿದೇ. "ಅವನಿಗೇನೂ ಅವಸರ ಇಲ್ಲ."

ಕೊನೆಗೆ ಹೆಣವನ್ನು ಹೆಗಲ ಮೇಲೆಯೇ ಹೊತ್ತರು. ಎರಡೂ ಬದಿಯ ಡ್ರಮ್ಮುಗಳ ನಡುವೆ ಒಬ್ಬರ ಹಿಂದೊಬ್ಬರಾಗಿ, ಮೈ ಅಡ್ಡ ತಿರುಗಿಸಿ ನಡೆದರು. ದರ್ಜಿಯಮ್ಮನ ಡ್ರಮ್ಮು ಬೀದಿಗೆ ಅಡ್ಡಲಾಗಿ ಮಲಗಿತ್ತು. ಅವಳು ಸೊಂಟದವರೆಗೂ ಅದರೊಳಗಿದ್ದಳು, ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಹೊತ್ತವರು ಕರೆದರು. ಅವಳು ಹೊರಗೆ ಬರಲಿಲ್ಲ. ಅವರು ಹೆಣವನ್ನು ತುಸು ಮೇಲಕ್ಕೆತ್ತಿ ಡ್ರಮ್ಮು ದಾಟಿದರು. ಒಳಗೆ ಉಜ್ಜುವ ಸದ್ದು ನಿಲ್ಲಲಿಲ್ಲ.