ಹುಣಸೆಮರಕ್ಕೆ ಕಟ್ಟಿದ ವಿಮಾನ

ನನ್ನ ಗಂಡ ಶಂಶುದ್ದೀನ್ ಸಾಹೇಬರು ಹುಣಸೂರಿನಲ್ಲಿ ಎತ್ತಿನ ಗಾಡಿ ಮಾಡುವವರು. ಅವರ ಮನೆತನದಲ್ಲಿ ಒಂದು ಪದ್ಧತಿ ಇದೆ. ಹೊಸ ಗಾಡಿಯಲ್ಲಿ ಮಾಡಿದವನೇ ಮೊದಲು ಕೂರಬೇಕು. ಲಕ್ಷ್ಮಣತೀರ್ಥದ ಹೊಳೆ ದಾಟಿಸಿ ತಂದು ಆಮೇಲೆ ಒಡೆಯನ ಕೈಗೆ ಕೊಡಬೇಕು. ಮುರಿದರೆ ಮಾಡಿದವನ ಮೂಳೆಯೇ ಮೊದಲು ಮುರಿಯಲಿ ಎಂದು. ಗಾಡಿಯ ಮಟ್ಟಿಗೆ ಇದಕ್ಕೆ ನನ್ನ ತಕರಾರಿಲ್ಲ. ಆದರೆ ಈ ಮನುಷ್ಯ ವಿಮಾನಕ್ಕೂ ಅದೇ ಪದ್ಧತಿ ಎಂದು ಹಟ ಹಿಡಿದರೆ ಹೆಂಡತಿಯಾದವಳು ಏನು ಮಾಡಬೇಕು?

ಆಗ ಮಹಾರಾಜರ ಕಾಲ. ವಿಮಾನ ಮರದ ವ್ಯಾಪಾರಿ ಗುರುಮಲ್ಲಪ್ಪನವರದು. ಬೆಂಗಳೂರಿನಲ್ಲಿ ಹಾರಿಸಲು ಕಲಿತು, ಕೊಡಗಿನ ಕಾಫಿ ತೋಟದ ದೊರೆಯೊಬ್ಬನಿಂದ ಹಳೆಯದೊಂದನ್ನು ಕೊಂಡು, ಗಾವಡಗೆರೆಯ ತಮ್ಮ ಬಯಲಿನಲ್ಲಿ ತಂದಿಳಿಸಿದರು. ಇಳಿಸಿದ್ದು ಸರಿಯಾಗಿ ಹುತ್ತದ ಮೇಲೆ. ಅಷ್ಟು ದೊಡ್ಡ ಬಯಲಿನಲ್ಲಿ ಇದ್ದದ್ದೇ ಅದೊಂದು ಹುತ್ತ. ವಿಮಾನದ ಮೂಗಿನಲ್ಲಿ ತಿರುಗುವ ಮರದ ಫ್ಯಾನಿನ ಒಂದು ರೆಕ್ಕೆ ಚೂರಾಯಿತು. ಹೊಸದು ಹಡಗಿನಲ್ಲಿ ಬರಬೇಕು ಎಂದರು. ಗುರುಮಲ್ಲಪ್ಪನವರಿಗೆ ಅಷ್ಟು ತಾಳ್ಮೆಯೆಲ್ಲಿ? ನಮ್ಮ ಬಾಗಿಲಿಗೆ ಬಂದರು.

"ಸಾಬ್ರೇ, ನೊಗ ಮಾಡೋ ಕೈ ನಿಮ್ದು. ಇದೂ ಒಂದು ನೊಗ ಅಂದ್ಕಳಿ."

ಇವರು ಹಾಗೆಯೇ ಅಂದುಕೊಂಡುಬಿಟ್ಟರು. ತಪ್ಪಿದ್ದೇ ಅಲ್ಲಿ. ನೊಗದ ಎರಡು ತುದಿಗಳು ಎಡಗೈ ಬಲಗೈ ಜೋಡಿಸಿದ ಹಾಗೆ ಎದುರುಬದುರು ಇರಬೇಕು. ಫ್ಯಾನನ್ನೂ ಹಾಗೆಯೇ ಕೆತ್ತಿದರು. ನೋಡಲು ಬಹಳ ಚೆಂದ. ಇಂಜಿನ್ ಶುರು ಮಾಡಿದರೆ ವಿಮಾನ ಚಳಿಜ್ವರ ಬಂದವರ ಹಾಗೆ ನಡುಗಿತು, ಒಂದು ಗೇಣೂ ಮುಂದೆ ಹೋಗಲಿಲ್ಲ. ಒಂದು ರೆಕ್ಕೆ ಗಾಳಿಯನ್ನು ಹಿಂದಕ್ಕೆ ತಳ್ಳಿದರೆ ಇನ್ನೊಂದು ಮುಂದಕ್ಕೆ ತಳ್ಳುತ್ತಿತ್ತು. ಊರಿಗೆ ಊರೇ ನಕ್ಕಿತು. ಮನೆಗೆ ಬಂದ ಇವರು ಉಣ್ಣಲಿಲ್ಲ. ನಕ್ಕವರಲ್ಲಿ ಅರ್ಧ ಜನ ಇವರು ಮಾಡಿಕೊಟ್ಟ ಗಾಡಿಯಲ್ಲೇ ಬಂದಿದ್ದರು.

ಬೀಟೆಯ ಇನ್ನೊಂದು ತೊಲೆ ತೆಗೆದು ಮತ್ತೆ ಕೆತ್ತಿದರು. ಈ ಸಲ ಮುರಿಯದೆ ಉಳಿದಿದ್ದ ರೆಕ್ಕೆಯ ಅಚ್ಚನ್ನು ಮೊದಲಿನ ಹಾಗೆ ಮಗುಚಿ ಇಡದೆ, ನಡುವೆ ಮೊಳೆ ಹೊಡೆದು ಬೀಸುಕಲ್ಲಿನ ಹಾಗೆ ತಿರುಗಿಸಿ ಇಟ್ಟರು. ತಾವು ಮಾಡಿದ ಪ್ರತಿ ಚಕ್ರದ ನಡುವಿನ ಗುಂಬಕ್ಕೆ ಕಾಸಿ ಒತ್ತುವ ಅರ್ಧಚಂದ್ರದ ಗುರುತನ್ನು ಫ್ಯಾನಿನ ನಡುವೆಯೂ ಒತ್ತಿದರು. ಗುರುಮಲ್ಲಪ್ಪನವರು ಅದರ ಮೇಲೆ ಕಪ್ಪು ಬಣ್ಣ ಬಳಿಸಿದರು. ವಿಮಾನ ಪರೀಕ್ಷೆಗೆ ಬೆಂಗಳೂರಿನಿಂದ ಇಂಜಿನಿಯರು ಬರುವವರಿದ್ದರು. ಅವರು ಒಪ್ಪಿದರೆ ಮಾತ್ರ ಹಾರಾಟ.

ಆ ದಿನ ಬುರ್ಖಾ ತೊಟ್ಟು ನಾನೂ ಹೋದೆ. ಇಂಜಿನಿಯರು ಒಪ್ಪಬಾರದು ಎಂದು ನಾನು, ಒಪ್ಪಲಿ ಎಂದು ಇವರು, ಒಂದೇ ಗಾಡಿಯಲ್ಲಿ ಕೂತು ಅಲ್ಲಾಹನನ್ನು ಬೇಡಿಕೊಂಡೆವು.

ಇಂಜಿನಿಯರದು ಮಾತು ಕಡಿಮೆ. ಮೂಗಿನ ತಗಡು ಬಿಚ್ಚಿಸಿ ಒಳಗೆ ನೋಡಿದರು.

"ಈ ಬೋಲ್ಟಿನ ತೂತುಗಳು ಹಳೇವು, ಮುಚ್ಚಿದಾರೆ. ಇವು ಹೊಸವು. ಇಂಜಿನ್ ಬದಲಾಗಿದೆ. ಅದು ಹಿಡಿಸ್ಲಿ ಅಂತ ತಗಡನ್ನೂ ಕತ್ತರಿಸಿದಾರೆ."

ಬಾಲದೊಳಗೆ ಕೈ ಹಾಕಿ ಸೀಸದ ಗಟ್ಟಿಯೊಂದನ್ನು ತೋರಿಸಿದರು.

"ಮುಂದೆ ಭಾರದ ಇಂಜಿನ್ ಹಾಕಿ, ಸರಿದೂಗ್ಲಿ ಅಂತ ಹಿಂದೆ ಇದನ್ನ ಇಟ್ಟಿದಾರೆ."

ಗುರುಮಲ್ಲಪ್ಪನವರ ಮುಖ ಸಪ್ಪಗಾಯಿತು. ತೋಟದ ದೊರೆ ಅವರಿಗೆ ಚೆನ್ನಾಗಿ ಟೋಪಿ ಹಾಕಿದ್ದ. ಇಂಜಿನಿಯರು ಫ್ಯಾನಿನ ಹತ್ತಿರ ಬಂದರು. ಎರಡು ರೆಕ್ಕೆಗಳನ್ನೂ ಅಳೆದರು, ಬಿಚ್ಚಿಸಿ ತೂಗಿದರು. ಕೊನೆಗೆ ಚಾಕುವಿನಿಂದ ಬಣ್ಣ ಕೆರೆದರು. ಅರ್ಧಚಂದ್ರ ಕಾಣಿಸಿತು.

"ಯಾರ ಕೆಲಸ ಇದು?"

"ಕಂಪ್ನಿದೇ ಕಣ್ರೀ," ಎಂದರು ಗುರುಮಲ್ಲಪ್ಪನವರು.

"ನಂದು ಸ್ವಾಮಿ," ಎಂದರು ಇವರು.

ಇಂಜಿನಿಯರು ಇವರನ್ನು ಒಮ್ಮೆ ನೋಡಿದರು. "ತೂಕ, ರೆಕ್ಕೆಗಳ ಓರೆ ಎರಡೂ ಸರಿಯಾಗಿವೆ. ಆದ್ರೆ ಈ ವಿಮಾನ ಹಾರೋ ಹಾಗಿಲ್ಲ. ಕಾಗದದಲ್ಲಿರೋ ಇಂಜಿನೂ ಇದಲ್ಲ, ಫ್ಯಾನೂ ಇದಲ್ಲ. ಎರಡನ್ನೂ ತೆಗೀಬೇಕು."

ನನ್ನ ದುವಾ ಫಲಿಸಿತ್ತು. ಆದರೆ ಇವರ ಮುಖ ನೋಡಿ, ಯಾಕಾದರೂ ಬೇಡಿಕೊಂಡೆನೋ ಎಂದು ಸಂಕಟವಾಯಿತು.

"ತೆಗೆಯೋಕೆ ಮುಂಚೆ ಒಂದು ಸಲ ಕೂತ್ಕತೀನಿ ಸ್ವಾಮಿ," ಎಂದರು ಇವರು. "ಮಾಡ್ದೋನು ಮೊದ್ಲು ಕೂರ್ಬೇಕು, ನಮ್ಮನೆ ಪದ್ಧತಿ. ಮೇಲಕ್ಕೆ ಹೋಗೋದು ಬ್ಯಾಡ ಬುಡಿ."

ಇಂಜಿನಿಯರು ಹಗ್ಗ ತರಲು ಹೇಳಿದರು. ಜನ ತಮ್ಮ ತಮ್ಮ ಗಾಡಿಯ ಹಗ್ಗ ಬಿಚ್ಚಿ ತಂದರು. ಫ್ಯಾನನ್ನು ಮತ್ತೆ ಕೂರಿಸಿ, ವಿಮಾನದ ಬಾಲವನ್ನು ಬಯಲಂಚಿನ ಹುಣಸೆಮರಕ್ಕೆ ಕಟ್ಟಿದರು. ಮುಂದಿನ ಸೀಟಿನಲ್ಲಿ ಇವರು ಕೂತರು, ಹಿಂದೆ ಇಂಜಿನಿಯರು. ಗುರುಮಲ್ಲಪ್ಪನವರು ಫ್ಯಾನು ತಿರುವಿದರು. ಇಂಜಿನ್ ಗುಡುಗಿತು. ಹಿಂದೆ ನಿಂತಿದ್ದವರ ಪೇಟಗಳು ಹಾರಿ ಹುರುಳಿ ಹೊಲಕ್ಕೆ ಬಿದ್ದವು. ನೆಲದಲ್ಲಿ ಸಡಿಲವಾಗಿ ಬಿದ್ದಿದ್ದ ಹಗ್ಗ ಮೇಲೆದ್ದು ಬಿಗಿಯಿತು, ಮರದ ತೊಗಟೆ ಉದುರಿತು. ಈ ಸಲ ಯಾರೂ ನಗಲಿಲ್ಲ.

ಇವರು ಇಳಿದು ನೇರ ನನ್ನ ಹತ್ತಿರ ಬಂದರು. ಬೆನ್ನ ಹಿಂದೆ ಆಗಲೇ ಫ್ಯಾನು ಬಿಚ್ಚುತ್ತಿದ್ದರು. ಇವರು ತಿರುಗಿ ನೋಡಲಿಲ್ಲ.

"ಎಳೀತು ಕಣೇ ಜೈನಾಬಿ," ಎಂದರು. "ಮರನೇ ಬುಡ್ಲಿಲ್ಲ."