ಪಕ್ಕದ ಕೌಂಟಿಯಿಂದ ಬಂದವನು

ಅತ್ತೆ ಸೊಸೆ ಇಬ್ಬರೂ ಮಾತಿಲ್ಲದೆ ಆಲೂಗಡ್ಡೆಯ ಸಿಪ್ಪೆ ಹೆರೆಯುತ್ತಿದ್ದರು. ಉಣ್ಣುವ ಮನಸ್ಸು ಯಾರಿಗೂ ಇರಲಿಲ್ಲ. ಕೈ ಸುಮ್ಮನಿದ್ದರೆ ಕಣ್ಣು ಕಿಟಕಿಯ ಕಡೆ ಹೋಗುತ್ತಿತ್ತು. ಕಿಟಕಿಯಾಚೆ, ಹಿಮ ಕರಗಿ ಕೆಸರಾದ ಅಂಗಳದ ಕೊನೆಗೆ ಟ್ರ್ಯಾಕ್ಟರ್ ಷೆಡ್ಡು. ಅದರೊಳಗೆ ಡ್ವೇನ್ ಸತ್ತು ಬಿದ್ದಿದ್ದ, ಅರ್ಲೀನಳ ಮಗ, ಟ್ರೂಡಿಯ ಗಂಡ.

ಅಮೆರಿಕದ ವಯೋಮಿಂಗ್ ರಾಜ್ಯದ ಆ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಯಾರು ಹೇಗೆ ಸತ್ತರೆಂದು ತೀರ್ಮಾನಿಸುವ ಕೊರೋನರ್ ಅರ್ಲೀನಳೇ. ಜನ ಮೂರು ಸಲ ಓಟು ಹಾಕಿ ಅವಳನ್ನು ಆರಿಸಿದ್ದರು. ಆದರೆ ಸತ್ತವನು ಸ್ವಂತ ಮನೆಯವನಾದರೆ ಪಕ್ಕದ ಕೌಂಟಿಯ ಕೊರೋನರ್ ಬರಬೇಕೆಂದು ರಾಜ್ಯದ ಕೌಂಟಿ ಅಧಿಕಾರಿಗಳ ಸಂಘದಲ್ಲಿ ಮಾತಾಗಿತ್ತು. ಅದಕ್ಕೆ ಕೈ ಎತ್ತಿದವರಲ್ಲಿ ಅವಳೂ ಒಬ್ಬಳು. ಹಾಗಾಗಿ ಗ್ಲೆನ್ ಬಂದಿದ್ದ.

ಸಂಘದ ವರ್ಷದ ಊಟದಲ್ಲಿ ಇಬ್ಬರೂ ಒಂದೇ ಮೇಜಿಗೆ ಕೂರುವವರು. "ಖಜಾಂಚಿಗಳು ಯಾರೂ ನಮ್ಮ ಹತ್ರ ಸುಳಿಯಲ್ಲ ನೋಡು. ಶವಪೆಟ್ಟಿಗೆಗೆ ಮೈ ಅಳತೆ ತಗೋತೀವಿ ಅಂತ ಭಯ," ಎಂದು ಗ್ಲೆನ್ ನಗಿಸುತ್ತಿದ್ದ.

ಈಗ ಅವನು ಬಾಗಿಲಲ್ಲೇ ಟೋಪಿ ತೆಗೆದ.

"ಕಾಫಿ ಕುಡೀತೀಯಾ?"

"ಬೇಡ, ಅರ್ಲೀನ್. ಬಂದೂಕಿನ ಪಕ್ಕ ಎಣ್ಣೆ ಬಟ್ಟೆ ಇತ್ತು."

"ಒರೆಸ್ತಾ ಕೂತಿದ್ದ. ಕೈ ತಪ್ಪಿ ಗುಂಡು ಹಾರಿದೆ," ಎಂದಳು ಅರ್ಲೀನ್.

"ಬಟ್ಟೆ ಎತ್ತಿ ನೋಡ್ದೆ. ಅದರ ಅಡೀಲಿ ನೆಲದ ಮೇಲೂ ರಕ್ತ ಇದೆ."

ಟ್ರೂಡಿಯ ಚಾಕು ನಿಂತಿತು. "ಅಂದ್ರೆ?"

ಗ್ಲೆನ್ ಅರ್ಲೀನಳ ಕಡೆ ನೋಡಿದ. ಅಡಿಯಲ್ಲಿ ರಕ್ತವಿದ್ದರೆ ಆ ವಸ್ತುವನ್ನು ಆಮೇಲೆ ಯಾರೋ ತಂದಿಟ್ಟಿದ್ದಾರೆ. ಸಂಘದ ತರಬೇತಿಯಲ್ಲಿ ಹಾಗೆಂದು ಪಾಠ ಹೇಳಿದವಳು ಅರ್ಲೀನ್. ಮುಂದಿನ ಸಾಲಿನಲ್ಲಿ ಕೂತು ಕೇಳಿದವನು ಗ್ಲೆನ್. ಕೌಂಟಿಯ ಪೊಲೀಸ್ ಮುಖ್ಯಸ್ಥ ಶೆರಿಫನಿಗೆ ಫೋನು ಮಾಡುವ ಮೊದಲು ಕಪಾಟಿನಿಂದ ಬಟ್ಟೆ ತಂದಿಡುವಾಗ ಅವಳಿಗೆ ಆ ಪಾಠದ ಒಂದಕ್ಷರವೂ ನೆನಪಾಗಿರಲಿಲ್ಲ.

"ನೀನು ಏನನ್ನೂ ಮುಟ್ಟಬಾರ್ದಿತ್ತು," ಎಂದ ಗ್ಲೆನ್, ಮೆಲ್ಲಗೆ.

"ಹೆತ್ತವಳು ನಾನು. ಇನ್ಯಾರು ಮುಟ್ಬೇಕಿತ್ತು, ನಿಮ್ಮ ಸಂಘದ ಅಧ್ಯಕ್ಷನಾ?"

ಮೊಮ್ಮಗಳು ಬರುವ ಹೊತ್ತಾಯಿತೇ ಎಂದು ಅರ್ಲೀನ್ ಗಡಿಯಾರ ನೋಡಿದಳು.

"ಜೋಸಿ ಇನ್ನೇನು ಶಾಲೆ ಬಸ್ಸಿಂದ ಇಳೀತಾಳೆ. ಎಂಟು ವರ್ಷದ ಮಗು ಗ್ಲೆನ್, ಈ ಊರಲ್ಲೇ ಬೆಳೀಬೇಕು. ಇವಳಪ್ಪ ತಾನೇ ಗುಂಡು ಹೊಡ್ಕೊಂಡ ಅಂತ ಬಸ್ಸಲ್ಲಿ, ಚರ್ಚಲ್ಲಿ, ಎಲ್ಲರೂ ಬೆಟ್ಟು ಮಾಡಿ ತೋರಿಸ್ತಾರೆ."

ಟ್ರೂಡಿಯ ಕೈಯಿಂದ ಆಲೂಗಡ್ಡೆ ಜಾರಿತು. ಗಂಡ ತಾನೇ ಗುಂಡು ಹೊಡೆದುಕೊಂಡನೆಂದು ಅವಳಿಗೆ ತಿಳಿದದ್ದು ಆಗಲೇ.

"ಆಕಸ್ಮಿಕ ಅಂತ ಬರಿ, ಗ್ಲೆನ್," ಎಂದಳು ಅರ್ಲೀನ್.

ಗ್ಲೆನ್ ಟ್ರೂಡಿಯ ಕಡೆ ನೋಡಿದ. ಟ್ರೂಡಿ, ಬಟ್ಟೆ ತಂದಿಟ್ಟಿದ್ದ ಅತ್ತೆಯ ಕೈಗಳನ್ನೇ ನೋಡುತ್ತಿದ್ದಳು.